ತೃಷೆಯ ಅರಿವು ಮತ್ತು ಶಕ್ತಿಯ ಅಳತೆ

ತತ್ತ್ವಾರ್ಥಸೂತ್ರವು ಎಣಿಸುವ 22 ಪರೀಷಹಗಳಲ್ಲಿ ಮೊದಲಿನವು ಕ್ಷುಧೆ, ಪಿಪಾಸೆ, ಶೀತ, ಉಷ್ಣ. ಈ ನಾಲ್ಕನ್ನೂ ದೇಹದಲ್ಲಿ ನಿಯಂತ್ರಿಸುವ ಮುಖ್ಯ ಕೇಂದ್ರವು ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗವೆಂದು ಶರೀರಶಾಸ್ತ್ರವು ತಿಳಿಸುತ್ತದೆ. ಇವೆರಡನ್ನೂ ಕೂಡಿಸಿ ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ: ಬಾಯಾರಿಕೆಯೇ ತೋರದವನು ಬಾಯಾರಿಕೆಯನ್ನು ಗೆದ್ದವನೇ?

ಶಾಸನಗಳು ಎಡೆದೊರೆ ನಾಡೆಂದು ಕರೆದ, ಕೃಷ್ಣಾ-ತುಂಗಭದ್ರೆಯರ ನಡುವಣ ಸೀಮೆಯ ಗಬ್ಬೂರಿನಲ್ಲಿ ಬೇಸಗೆಯ ತಾಪವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅಂಥ ಒಂದು ಚತುರ್ದಶಿಯಂದು ಶ್ರಾವಕನು ನೀರನ್ನೂ ತೊರೆದು ಉಪವಾಸ ಕೈಗೊಂಡನೆನ್ನೋಣ. ಮೈಯ ಉಷ್ಣತೆಯನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಉಳಿಸಲು ದೇಹವು ಬೆವರುತ್ತದೆ. ಬೆವರು ಆರಿದಂತೆ ಮೈ ತಣಿಯುತ್ತದೆ, ಒಳಗಿನ ನೀರು ತಗ್ಗುತ್ತದೆ. ರಕ್ತದ ಸಾಂದ್ರತೆಯು ನೂರಕ್ಕೆ ಒಂದೆರಡು ಪಾಲು ಏರಿದೊಡನೆ ಮೆದುಳು ಅದನ್ನರಿತು, ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ಮೂಲಕ ನೀರನ್ನು ಉಳಿಸುವಂತೆ ಮೂತ್ರಪಿಂಡಗಳಿಗೆ ಸೂಚಿಸುತ್ತದೆ, ಬಾಯಾರಿಕೆಯನ್ನೂ ಎಬ್ಬಿಸುತ್ತದೆ. ಮೂತ್ರಪಿಂಡಗಳು ಇದ್ದ ನೀರನ್ನು ಉಳಿಸಬಲ್ಲವೇ ಹೊರತು ಹೋದ ನೀರನ್ನು ಮರಳಿ ತರಲಾರವು.

ಈ ಕಾವಲು ಮುಪ್ಪಿನಲ್ಲಿ ಮಂದವಾಗುತ್ತದೆ. 1984ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಾದ ವೃದ್ಧರೂ ತರುಣರೂ 24 ಗಂಟೆ ನೀರಿಲ್ಲದೆ ಇದ್ದರು. ವೃದ್ಧರ ರಕ್ತವು ಹೆಚ್ಚು ಸಾಂದ್ರವಾಗಿದ್ದರೂ ಅವರಿಗೆ ತೋರಿದ ಬಾಯಾರಿಕೆ ಕಡಿಮೆ. ಬಳಿಕ ಕುಡಿದ ನೀರೂ ಕಡಿಮೆ.

ಆದುದರಿಂದ "ನನಗೆ ದಾಹವೇ ಆಗಲಿಲ್ಲ" ಎಂಬ ಹಿರಿಯರ ಮಾತು ಇಂದ್ರಿಯಜಯದ ಸಾಕ್ಷಿಯೇ ಆಗಬೇಕಿಲ್ಲ. ಇಂದ್ರಿಯಮಾಂದ್ಯದ ಕುರುಹೂ ಆಗಿರಬಹುದು. ದಾಹವು ತೋರಿ, ಅದನ್ನು ಸಮಭಾವದಿಂದ ಸಹಿಸುವುದೇ ಪರೀಷಹಜಯ. ತೋರದಿರುವುದನ್ನೇ ಸಿದ್ಧಿಯೆಂದು ಬಗೆದರೆ ಅಷ್ಟಮದಗಳಲ್ಲೊಂದಾದ ತಪೋಮದಕ್ಕೆ ಎಡೆಯಾದೀತು.

ಹಾಗಾದರೆ ವ್ರತಕ್ಕೆ ವೈದ್ಯನ ಅಪ್ಪಣೆ ಬೇಕೇ ಎಂದು ಕೆಲವರು ಕೇಳಬಹುದು. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದೆಂಬುದನ್ನು ನೆನೆಯೋಣ. ಇರುವ ಶಕ್ತಿಯನ್ನು ಮರೆಮಾಚಬಾರದು. ಇಲ್ಲದ ಶಕ್ತಿಯನ್ನು ಇದೆಯೆಂದು ಭ್ರಮಿಸಲೂ ಬಾರದು. ಮುಪ್ಪಿನಲ್ಲಿ ದಾಹವು ಶಕ್ತಿಯ ನಂಬಲರ್ಹ ಅಳತೆಗೋಲಲ್ಲವಾದ್ದರಿಂದ ವಯಸ್ಸು, ಋತು, ರೋಗ, ಸೇವಿಸುತ್ತಿರುವ ಔಷಧ ಇವುಗಳಿಂದಲೇ ಅಳೆಯಬೇಕು. ಗುರುಗಳನ್ನೂ ವೈದ್ಯರನ್ನೂ ಕೇಳುವುದು ಸಂಕಲ್ಪಕ್ಕೆ ಮುನ್ನವೇ ಆಗಬೇಕು. ಕೊಂಡ ವ್ರತವನ್ನು ನಡುವೆ ಬಿಡುವ ಸಂಕಟ ಆಗ ಒದಗದು. ಉಪವಾಸಕ್ಕೆ ಬದಲಾಗಿ ನೀರಿನೊಡನೆ ಏಕಾಶನವನ್ನು ಆರಿಸಿದವರ ಭಾವವು ಶುದ್ಧವಾಗಿದ್ದರೆ ಅದೂ ತಪಸ್ಸೇ.

ತ್ರಯೋದಶಿಯ ಸಂಜೆ ಮನೆಯ ಕಿರಿಯರು ಅಜ್ಜ-ಅಜ್ಜಿಯರ ಬಳಿ ಕುಳಿತು ಇದನ್ನು ವಿನಯದಿಂದ ವಿಚಾರಿಸಲಿ. ಹಾಗೆ ವಿಚಾರಿಸುವುದೂ ಒಂದು ವೈಯಾವೃತ್ಯವೇ.