ದಾರಿಯಲ್ಲಿ ಮಲಗಿದ್ದ ಅಣ್ಣ

ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ಸೌಗಂಧಿಕಾ ಪುಷ್ಪದ ಪ್ರಸಂಗವನ್ನು ಅರಿಯದ ಕನ್ನಡಿಗರು ವಿರಳ. ದ್ರೌಪದಿಯ ಬಯಕೆಯನ್ನು ಪೂರೈಸಲೆಂದು ಗಂಧಮಾದನ ಪರ್ವತವನ್ನು ಏರುತ್ತಿದ್ದ ಭೀಮಸೇನನಿಗೆ ದಾರಿಗೆ ಅಡ್ಡಲಾಗಿ ಮಲಗಿದ್ದ ಮುದಿ ಕಪಿಯೊಂದು ಕಂಡಿತು. ಏಳೆಂದು ಭೀಮನು ಗರ್ಜಿಸಿದನು. ಮುಪ್ಪಿನಿಂದಾಗಿ ಏಳಲಾರೆ, ಬಾಲವನ್ನು ಸರಿಸಿ ಹೋಗಪ್ಪಾ ಎಂದು ಕಪಿಯು ಬೇಡಿತು. ಮೊದಲು ಎಡಗೈ, ಬಳಿಕ ಎರಡೂ ಕೈ ಹಚ್ಚಿದರೂ ಬಾಲವು ಅಲುಗಲಿಲ್ಲ. ನಾಚಿ ಕೈಮುಗಿದು ಕೇಳಿದಾಗ ತಿಳಿಯಿತು: ಮಲಗಿದ್ದವನು ಹನುಮಂತ, ವಾಯುಪುತ್ರನಾದ ತನ್ನ ಅಣ್ಣ!

ಇದನ್ನು ಗರ್ವಭಂಗದ ಕಥೆಯೆಂದಷ್ಟೇ ಕೇಳಿದರೆ ಸಾಲದು. ಯೌವನದ ದಾರಿಯಲ್ಲಿ ಅಡ್ಡವಾಗಿ ಕಾಣುವ ಮುಪ್ಪು ಪರಕೀಯವಲ್ಲ. ಅದು ಮೊದಲು ಹುಟ್ಟಿದ ಒಡಹುಟ್ಟು.

ಸರೋಜಿನಿ ನಗರದ ಸರ್ಕಾರಿ ವಸತಿಗೃಹಗಳಲ್ಲಿ ಬಾಳಿದ ಹಿರಿಯ ಕನ್ನಡಿಗರಲ್ಲಿ, ತಾರುಣ್ಯದಲ್ಲಿ ಮೈಸೂರಿನ ಚಾಮುಂಡಿಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳನ್ನು ಆಟದಂತೆ ಏರಿದವರಿದ್ದಾರೆ. ಸಮೀಪದ ರಾಮಕೃಷ್ಣಪುರಂ ಗುಡ್ಡದ ಮೇಲೆ 1973ರಲ್ಲಿ ಪ್ರತಿಷ್ಠಾಪಿತನಾದ ಸ್ವಾಮಿನಾಥನ ಮೆಟ್ಟಿಲುಗಳ ಮುಂದೆ ಇಂದು ಅವರ ಮೊಣಕಾಲು ಸೋಲುತ್ತದೆ. “ನೀವು ಇಲ್ಲೇ ಕೂತಿರಿ, ನಾವು ಬೇಗ ಬಂದುಬಿಡುತ್ತೇವೆ” ಎಂದು ಮಕ್ಕಳು ಹೇಳಿ ಹೋಗುತ್ತಾರೆ. ಕೈಹಿಡಿಯೆಂದು ಕೇಳಲು ಹಿರಿಯರಿಗೆ ಸಂಕೋಚ. ಕೇಳದೆಯೇ ಕೈನೀಡಲು ಕಿರಿಯರಿಗೆ ವ್ಯವಧಾನವಿಲ್ಲ. ಗಂಧಮಾದನದ ಆ ಗರ್ಜನೆ ಇಲ್ಲಿ ನಯವಾದ ಮಾತಾಗಿದೆ, ಅಷ್ಟೇ.

ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣವೆಂಬ ವಿವೇಕವನ್ನು ಕಾಳಿದಾಸನು ಕುಮಾರಸಂಭವದ ಐದನೆಯ ಸರ್ಗದಲ್ಲಿ ಸಾಕ್ಷಾತ್ ಶಿವನ ಬಾಯಿಂದಲೇ ಹೇಳಿಸಿದ್ದಾನೆ. ಕೇಳಿದವಳು ವೃದ್ಧೆಯಲ್ಲ, ತಪೋನಿರತಳಾದ ತರುಣಿ ಪಾರ್ವತಿ! ಯೌವನದ ಬಲವು ವ್ಯಯಕ್ಕೆ ಬಂದ ಹಣವಲ್ಲ, ಕಾಪಾಡಬೇಕಾದ ಠೇವಣಿ. ನಡುವಯಸ್ಸಿನಿಂದಲೇ ಸ್ನಾಯುಗಳ ಶಕ್ತಿ ಮೆಲ್ಲನೆ ಕುಗ್ಗತೊಡಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆಯಂತಹ ಚಟುವಟಿಕೆ, 65 ದಾಟಿದವರಿಗೆ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಬಲ ಮತ್ತು ಸಮತೋಲನದ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ನೋವಿದ್ದವರು ವೈದ್ಯರನ್ನು ಕೇಳಿ ತೊಡಗಬಹುದು, ತಡವಾಯಿತೆಂದು ಕೈಚೆಲ್ಲಬೇಕಾಗಿಲ್ಲ.

ಮಹಾನವಮಿಯಂದು ಆಯುಧಗಳನ್ನು ಪೂಜಿಸುವವರು ಈ ದೇಹವೂ ತಾಯಿ ಕೊಟ್ಟ ಆಯುಧವೆಂದು ನೆನೆಯಬೇಕು. ಬಳಸದಿದ್ದರೆ ಅದು ತುಕ್ಕು ಹಿಡಿಯುತ್ತದೆ. ಗರ್ವದಿಂದ ಬೀಸಿದರೆ ಮೊಂಡಾಗುತ್ತದೆ. ಗಟ್ಟಿಯಾದ ಕಾಲಿನ ಸಾರ್ಥಕತೆ ಮೊದಲು ಗುಡಿ ಮುಟ್ಟುವುದರಲ್ಲಿಲ್ಲ, ಹಿಂದುಳಿದವರ ಹೆಜ್ಜೆಗೆ ಹೆಜ್ಜೆ ಕೂಡಿಸುವುದರಲ್ಲಿದೆ. ಭೀಮನು ಕೈಮುಗಿದ ಮೇಲೆಯೇ ಹನುಮಂತನು ಎದ್ದು ತಮ್ಮನನ್ನು ತಬ್ಬಿ, ಹೂವಿನ ದಾರಿಯನ್ನು ತೋರಿದನು.

ಜಗನ್ಮಾತೆಯು ಕಿರಿಯರಿಗೆ ಆ ವಿನಯವನ್ನೂ ಹಿರಿಯರಿಗೆ ಆ ಧೈರ್ಯವನ್ನೂ ಕರುಣಿಸಲಿ.