ಲೋಟದ ಮೇಲೊಂದು ಬಿಲ್ಲೆ

ಮಗನ ಮನೆಗೆಂದು ಯೂರೋಪಿಗೆ ಹೊರಟಿರುವ ಸ್ನೇಹಿತರೊಬ್ಬರು ಮೊನ್ನೆ ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದಾಗ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: “ನೀವು ಹೋಗಿಬಂದವರು. ಅಲ್ಲಿಯ ಬಾರುಗಳಲ್ಲಿ ಪೀಪಾಯಿಯಿಂದ ನೇರವಾಗಿ ಇಳಿಸಿ ಕೊಡುತ್ತಾರಲ್ಲ, ಆ ಡ್ರಾಫ್ಟ್ ಬಿಯರುಗಳಲ್ಲಿ ಯಾವುದು ಚೆನ್ನ?”

ಪ್ರಶ್ನೆ ಸರಳವಾದದ್ದು. ಉತ್ತರವೂ ನನ್ನಲ್ಲಿ ಸಿದ್ಧವಾಗಿತ್ತು. ಹೇಳಲು ಹೊರಟಾಗ ನನ್ನ ದನಿಯೂ ತಾನಾಗಿಯೇ ತಗ್ಗಿದ್ದನ್ನು ಗಮನಿಸಿ ನನಗೇ ನಗು ಬಂತು. ಅರವತ್ತು ದಾಟಿದ ಇಬ್ಬರು ಪಿಂಚಣಿದಾರರು, ಯಾರ ಹಂಗೂ ಇಲ್ಲದವರು, ಶಾಲೆ ತಪ್ಪಿಸಿ ಬಂದ ಹುಡುಗರ ಹಾಗೆ ಪಿಸುಗುಟ್ಟುತ್ತಿದ್ದೆವು! ಮನೆಗೆ ಬಂದ ಮೇಲೆ ನಗು ಹೋಯಿತು, ಯೋಚನೆ ಉಳಿಯಿತು. ಕಡಲಾಚೆ ತಲೆಯೆತ್ತಿ ಮಾಡಿದ ಕೆಲಸವನ್ನು ಇಲ್ಲಿ ತಲೆತಗ್ಗಿಸಿ ಹೇಳಬೇಕಾದರೆ ತಪ್ಪು ಎಲ್ಲಿದೆ? ಮಾಡಿದ್ದರಲ್ಲಿಯೋ, ಹೇಳುವುದರಲ್ಲಿಯೋ? ಊರು ಬದಲಾದರೆ ಧರ್ಮವೂ ಬದಲಾಗುತ್ತದೆಯೇ?

ಈ ಪ್ರಶ್ನೆ ನನಗೆ ಬರಿಯ ತರ್ಕದ ಪ್ರಶ್ನೆಯಲ್ಲ. ನಮ್ಮ ಚಿಕ್ಕಪ್ಪ ಕುಡಿಯುತ್ತಿದ್ದರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕೈಬರಹ ಮುತ್ತಿನಂತಿತ್ತು. ಸಂಜೆಯಾದರೆ ಹೊಳೆಯ ಕಡೆ ಹೋಗಿ, ಕತ್ತಲಾದ ಮೇಲೆ ಹಿತ್ತಲ ಬಾಗಿಲಿನಿಂದ ಮನೆಗೆ ಬರುತ್ತಿದ್ದರು. ನಮ್ಮ ತಂದೆ ಅವರೊಂದಿಗೆ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕುವುದನ್ನು ನಿಲ್ಲಿಸಿಬಿಟ್ಟರು, ಅಷ್ಟೆ. ಚಿಕ್ಕಪ್ಪನ ಎಲೆ ಹಿಂದಿನ ಜಗಲಿಗೆ ಹೋಯಿತು. ಅನ್ನ ಸಾರು ಒಯ್ದು ಬಡಿಸುವ ಕೆಲಸ ನನ್ನದು. ಬಡಿಸುವಾಗ ಅವರ ಮುಖ ನೋಡಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೂ ನಾನು ನೋಡುತ್ತಿರಲಿಲ್ಲ. “ಸಾಕು ಮಗು, ಒಳಗೆ ಹೋಗು” ಎನ್ನುತ್ತಿದ್ದರು. ನನಗೆ ಹದಿನೈದು ತುಂಬುವುದರೊಳಗೆ ಅವರು ತೀರಿಕೊಂಡರು. ಆ ಜಗಲಿಯ ಮೇಲೆ ಒಂದು ದಿನವಾದರೂ ನಾನು ಅವರ ಪಕ್ಕದಲ್ಲಿ ಕುಳಿತವನಲ್ಲ.

ಇಂಥ ಮನೆಯಲ್ಲಿ ಬೆಳೆದ ನಾನು 2018ರ ಬೇಸಗೆಯಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿರುವ ಮಗಳ ಮನೆಗೆ ಹೋದೆ. ತನ್ನ ತಂಗಿಯ ಮಗಳ ಬಾಣಂತನವಿದ್ದುದರಿಂದ ನನ್ನ ಹೆಂಡತಿ ಬರಲಿಲ್ಲ. 1248ರಲ್ಲಿ ಅಡಿಗಲ್ಲಿಟ್ಟು 1880ರಲ್ಲಿ ಮುಗಿಸಿದ ಅಲ್ಲಿಯ ಮಹಾದೇವಾಲಯವನ್ನು ನೋಡಿ, ಕತ್ತು ನೋಯಿಸಿಕೊಂಡು ಹೊರಗೆ ಬಂದಾಗ ಅಳಿಯ ಹತ್ತಿರದ ಒಂದು ಹಳೆಯ ಬಿಯರುಮನೆಗೆ ಕರೆದೊಯ್ದರು. “ಮಾವ, ನಿಮಗೆ ಬೇಡವೆಂದರೆ ಸೇಬಿನ ರಸ ಸಿಗುತ್ತದೆ” ಎಂದು ಮೊದಲೇ ಹೇಳಿದರು. ಅರವತ್ತಮೂರು ವರ್ಷ ಬೇಡವೆಂದವನು ಅಂದು ಬೇಡವೆನ್ನಲಿಲ್ಲ. ಏಕೆ ಎಂದರೆ ಇಂದಿಗೂ ಸರಿಯಾದ ಕಾರಣ ಕೊಡಲಾರೆ.

ಆ ಊರಿನ ಬಿಯರಿಗೆ ಕೋಲ್ಶ್ ಎಂದು ಹೆಸರು. ಕೊಲೋನ್ ಮತ್ತು ಅದರ ಆಸುಪಾಸಿನಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂದು ಅಲ್ಲಿಯ ತಯಾರಕರು 1986ರಲ್ಲಿ ಒಪ್ಪಂದ ಮಾಡಿಕೊಂಡಿದ್ದಾರೆ. ಹುಲ್ಲಿನ ಬಣ್ಣ, ಹಣ್ಣಿನ ತೆಳುವಾದ ವಾಸನೆ, ಕೊನೆಗೆ ನಾಲಿಗೆಯ ಮೇಲೆ ಮೆಂತ್ಯದಷ್ಟು ಕಹಿ. ನೀಳವಾದ ತೆಳು ಗಾಜಿನ ಲೋಟ. ಹಿಡಿಸುವುದು 200 ಮಿಲಿಲೀಟರು ಮಾತ್ರ. ನೀಲಿ ಅಂಗಿಯ ಪರಿಚಾರಕ — ಅವನನ್ನು ಅಲ್ಲಿ ಕೋಬೆಸ್ ಎನ್ನುತ್ತಾರೆ — ಗುಂಡನೆಯ ತಟ್ಟೆಯೊಂದರಲ್ಲಿ ಹತ್ತಾರು ಲೋಟಗಳನ್ನು ಸಿಕ್ಕಿಸಿಕೊಂಡು ಸುತ್ತುತ್ತಿರುತ್ತಾನೆ. ನಿಮ್ಮ ಲೋಟ ಬರಿದಾದರೆ ಕೇಳುವುದಿಲ್ಲ. ಇನ್ನೊಂದನ್ನು ಇಟ್ಟು, ಲೋಟದ ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಹೋಗುತ್ತಾನೆ. ಎದ್ದು ಹೊರಡುವಾಗ ಆ ಗೆರೆಗಳನ್ನು ಎಣಿಸಿದರೆ ಅದೇ ಲೆಕ್ಕ. ಹಾಗಾದರೆ ಇದಕ್ಕೆ ಕೊನೆಯೆಲ್ಲಿ? ಆ ರಟ್ಟಿನ ಬಿಲ್ಲೆಯನ್ನು ತೆಗೆದು ಲೋಟದ ಮೇಲೆ ಮುಚ್ಚಬೇಕು. ಮುಚ್ಚಿದರೆ ಸಾಕೆಂದು ಅರ್ಥ. ಯಾರೂ ಒತ್ತಾಯ ಮಾಡುವುದಿಲ್ಲ.

ನನಗೆ ತಟ್ಟನೆ ನಮ್ಮ ಮದುವೆಯ ಊಟ ನೆನಪಾಯಿತು. ಹೋಳಿಗೆ ಹಿಡಿದು ಬಂದವನಿಗೆ ಬಾಯಲ್ಲಿ ಬೇಡವೆಂದರೆ ಅವನು ನಂಬುವುದಿಲ್ಲ. ಎಲೆಯ ಮೇಲೆ ಎರಡು ಕೈಯನ್ನೂ ಅಡ್ಡ ಹಿಡಿದು ಬಗ್ಗಬೇಕು. ಕೊಲೋನಿನ ಬಿಲ್ಲೆಯೂ ನಮ್ಮ ಅಡ್ಡಗೈಯೂ ಒಂದೇ ಕುಲದವು. ನಾನು ಎರಡನೆಯ ಲೋಟ ಮುಗಿಸಿ ಬಿಲ್ಲೆ ಮುಚ್ಚಿದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಒಂದೇ ಲೋಟದ ಮುಂದೆ ವೃತ್ತಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದರು.

ಆ ರಾತ್ರಿ ಹೆಂಡತಿಯ ಫೋನು ಬಂತು. “ಎಲ್ಲಿಗೆ ಹೋಗಿದ್ದಿರಿ? ಏನು ತಿಂದಿರಿ?” ಎಂದು ಕೇಳಿದಳು. ಆಲೂಗಡ್ಡೆಯ ದೋಸೆಯಂಥದೊಂದು ತಿಂದೆವು ಎಂದೆ. “ಕುಡಿಯುವುದಕ್ಕೆ?” “ಸೇಬಿನ ರಸ” ಎಂದೆ. ಮಾತು ನಾಲಿಗೆಯ ತುದಿಯಲ್ಲಿ ಕಾದು ಕುಳಿತಿದ್ದಂತೆ ಬಂತು. ಫೋನು ಇಟ್ಟ ಮೇಲೆ ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಾಳೆ. “ಅಪ್ಪಾ, ಅಮ್ಮನಿಗೆ ಹೇಳಿದ್ದರೆ ಏನಾಗುತ್ತಿತ್ತು?” ಎಂದಳು. ನಾನು ಉತ್ತರ ಕೊಡಲಿಲ್ಲ.

ನಮ್ಮ ಮನೆತನ ಬೋಧಾಯನ ಸೂತ್ರದ್ದು. ಸಂಧ್ಯಾವಂದನೆಯ ಅಭಿವಾದನೆಗಿಂತ ಹೆಚ್ಚಿಗೆ ಆ ಮಹರ್ಷಿಯ ಪರಿಚಯ ನನಗೆ ಇರಲಿಲ್ಲ. ಊರಿಗೆ ಬಂದ ಮೇಲೆ ಧರ್ಮಸೂತ್ರವನ್ನು ತೆಗೆದು ನೋಡಿದರೆ, ನನ್ನ ಮೊಕದ್ದಮೆ ಅಲ್ಲಿ ಆಗಲೇ ವಿಚಾರಣೆಯಾಗಿಬಿಟ್ಟಿದೆ! ದಕ್ಷಿಣದವರಿಗೆ ಐದು, ಉತ್ತರದವರಿಗೆ ಐದು ವಿಶೇಷ ಆಚಾರಗಳನ್ನು ಬೋಧಾಯನರು ಪಟ್ಟಿಮಾಡುತ್ತಾರೆ. ನಮ್ಮ ಪಾಲಿಗೆ ಬಂದವುಗಳಲ್ಲಿ ತಂಗಳು ಅನ್ನ ಉಣ್ಣುವುದು, ಹೆಂಡತಿಯೊಡನೆ ಕುಳಿತು ಉಣ್ಣುವುದು, ಸೋದರಮಾವನ ಮಗಳನ್ನು ಮದುವೆಯಾಗುವುದು ಇವೆ. ಉತ್ತರದವರ ಪಾಲಿನಲ್ಲಿ ಉಣ್ಣೆಯ ವ್ಯಾಪಾರ, ಸೀಧು ಎಂಬ ಕಬ್ಬಿನ ಮದ್ಯವನ್ನು ಕುಡಿಯುವುದು, ಸಮುದ್ರಯಾನ ಮೊದಲಾದವು. ಅವರ ತೀರ್ಪು ಇದು: ಅಲ್ಲಿಯದನ್ನು ಇಲ್ಲಿ, ಇಲ್ಲಿಯದನ್ನು ಅಲ್ಲಿ ಮಾಡಿದರೆ ದೋಷ, ಆಯಾ ದೇಶದಲ್ಲಿ ಆಯಾ ದೇಶದ ಆಚಾರವೇ ಪ್ರಮಾಣ. ಕೊಲೋನಿನಲ್ಲಿ ಕೋಲ್ಶ್ ಕುಡಿದವನಿಗೆ ಇದಕ್ಕಿಂತ ಒಳ್ಳೆಯ ವಕೀಲ ಬೇಕೇ?

ಆದರೆ ಮರುಗಳಿಗೆಯಲ್ಲೇ ಬೋಧಾಯನರು ಪ್ರಾಮಾಣಿಕವಾಗಿ ಗೌತಮರ ಅಭಿಪ್ರಾಯವನ್ನೂ ಹೇಳುತ್ತಾರೆ. ಇದು ಸುಳ್ಳು ಎಂದು ಗೌತಮರ ಮತ. ಶಿಷ್ಟರ ಸಂಪ್ರದಾಯಕ್ಕೆ ವಿರುದ್ಧವಾದದ್ದು ಯಾವ ದೇಶದಲ್ಲಿದ್ದರೂ ವಿರುದ್ಧವೇ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಇವರಿಬ್ಬರ ನಡುವೆ ಮೂರನೆಯವರೊಬ್ಬರನ್ನು ನೆನೆಯಬೇಕು. 1888ರಲ್ಲಿ ಗಾಂಧೀಜಿ ಇಂಗ್ಲೆಂಡಿಗೆ ಹೊರಟಾಗ, ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಜೈನ ಸಾಧುಗಳೊಬ್ಬರ ಎದುರಿನಲ್ಲಿ, ತಾಯಿಯ ಸಮಾಧಾನಕ್ಕಾಗಿ ಪ್ರತಿಜ್ಞೆ ಮಾಡಿದರು. ಲಂಡನ್ನಿನಲ್ಲಿ ಅವರನ್ನು ನೋಡುವ ಕಣ್ಣು ಯಾವುದೂ ಇರಲಿಲ್ಲ. ಆದರೂ ನಡೆಸಿಕೊಂಡರು. ಅವರ ಪ್ರಶ್ನೆ ಈ ದೇಶದಲ್ಲಿ ಏನು ನಡೆಯುತ್ತದೆ ಎಂಬುದಲ್ಲ. ನಾನು ಯಾರಿಗೆ ಏನು ಹೇಳಿ ಬಂದಿದ್ದೇನೆ ಎಂಬುದು. ಕೊಟ್ಟ ಮಾತು ಮನುಷ್ಯನ ಜೊತೆಯಲ್ಲಿ ಹಡಗು ಹತ್ತುತ್ತದೆ. ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ, ನಿಜ. ಆದರೆ ನಾನು ಹೆಂಡತಿಗೆ ಆಡಿದ ಮಾತೂ ವಿಮಾನದಲ್ಲಿ ನನ್ನ ಜೊತೆಯಲ್ಲೇ ಹಿಂದಿರುಗಿತು.

ಅದೇ ಪ್ರಯಾಣದಲ್ಲಿ ಇಂಗ್ಲೆಂಡಿಗೂ ಐರ್ಲೆಂಡಿಗೂ ಹೋದೆವು. ಇಂಗ್ಲೆಂಡಿನ ತೆಂಕಣದಲ್ಲಿ ಲೂಯಿಸ್ ಎಂಬ ಸಣ್ಣ ಊರಿದೆ. ಅಲ್ಲಿಯ ಹಾರ್ವೀಸ್ ಬಿಯರುಮನೆ 1790ರಷ್ಟು ಹಳೆಯದು. ಅವರ ‘ಬೆಸ್ಟ್’ ನನ್ನ ಎರಡನೆಯ ಮೆಚ್ಚು. ಇದು ಪೀಪಾಯಿಯೊಳಗೆ ಇನ್ನೂ ಜೀವಂತವಾಗಿರುವ ಬಿಯರು. ಸೋಸುವುದಿಲ್ಲ, ಕಾಯಿಸುವುದಿಲ್ಲ. ನೆಲಮಾಳಿಗೆಯ ತಂಪಿನಲ್ಲಿ, 11ರಿಂದ 13 ಡಿಗ್ರಿಯಲ್ಲಿ, ನಮ್ಮ ದೋಸೆಯ ಹಿಟ್ಟಿನ ಹಾಗೆ ತನ್ನಷ್ಟಕ್ಕೆ ಹುದುಗುತ್ತಿರುತ್ತದೆ. ಕೈಪಂಪಿನಿಂದ ಎಳೆದು ಕೊಡುತ್ತಾರೆ. ಪೀಪಾಯಿ ತೆರೆದ ಮೇಲೆ ಕೆಲವೇ ದಿನಗಳ ಆಯಸ್ಸು. ದೊಡ್ಡ ಕಂಪನಿಗಳ ಗ್ಯಾಸು ತುಂಬಿದ ಬಿಯರಿನ ಎದುರಿನಲ್ಲಿ ಇದು ಅಳಿದುಹೋಗುತ್ತದೆಂದು ಹೆದರಿ, 1971ರಲ್ಲಿ ನಾಲ್ವರು ಗೆಳೆಯರು ಇದರ ರಕ್ಷಣೆಗೆ ಕ್ಯಾಮ್ರಾ ಎಂಬ ಸಂಘವನ್ನೇ ಕಟ್ಟಿದರು. ಮೂರನೆಯದು ಡಬ್ಲಿನ್ನಿನ ಗಿನ್ನೆಸ್. ಆರ್ಥರ್ ಗಿನ್ನೆಸ್ 1759ರಲ್ಲಿ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಗಳ ಗುತ್ತಿಗೆಗೆ ಹಿಡಿದ ಜಾಗ ಅದು. ಮನುಷ್ಯನ ಆಶಾವಾದಕ್ಕೆ ಮಿತಿಯುಂಟೇ! ಕರಿಯ ಬಿಯರನ್ನು ಮುಕ್ಕಾಲು ಸುರಿದು, ಕೆನೆ ತಿಳಿಯಾಗುವವರೆಗೆ ಕಾದು, ಆಮೇಲೆ ತುಂಬಿಸುತ್ತಾರೆ. ಆತುರಗಾರನಿಗೆ ಅದು ಸಲ್ಲದು.

ನನ್ನ ಮೆಚ್ಚಿನ ಮೂರಕ್ಕೂ ಒಂದೊಂದು ಕಟ್ಟು ಇರುವುದನ್ನು ನೀವು ಗಮನಿಸಿರಬಹುದು. ಒಂದಕ್ಕೆ ಬಿಲ್ಲೆ, ಒಂದಕ್ಕೆ ಊರು ಬಿಟ್ಟು ದೂರ ಹೋಗಲಾರದ ಅಲ್ಪಾಯುಸ್ಸು, ಒಂದಕ್ಕೆ ಕಾಯುವ ವಿಧಿ. ದೇಶಾಚಾರವೆಂದರೆ ಲೋಟದಲ್ಲಿರುವ ಪದಾರ್ಥವಲ್ಲ, ಅದರ ಸುತ್ತಲಿನ ಈ ಕಟ್ಟು ಎಂದು ನನಗೆ ಹೊಳೆದಾಗ ಬೋಧಾಯನರೇ ಗೆದ್ದರೆಂದು ಸಂತೋಷಪಟ್ಟೆ. ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಅದೇ ಡಬ್ಲಿನ್ನಿನಲ್ಲಿ ಸರದಿಯ ಪದ್ಧತಿಯನ್ನೂ ಕಂಡೆ. ಐವರು ಕುಳಿತರೆ ಒಬ್ಬೊಬ್ಬರೂ ಸರದಿಯ ಮೇಲೆ ಐವರಿಗೂ ಕೊಳ್ಳಬೇಕು. ನಡುವೆ ಎದ್ದವನು ಸಾಲಗಾರ. ಎಲ್ಲರೂ ಕುಡಿಯುವುದು ಅತ್ಯಂತ ವೇಗವಾಗಿ ಕುಡಿಯುವವನ ವೇಗದಲ್ಲಿ. ಔದಾರ್ಯವೇ ಇಲ್ಲಿ ಹಗ್ಗವಾಗುತ್ತದೆ. ಇದು ಎಷ್ಟು ಬಿಗಿಯಾದ ಹಗ್ಗವೆಂದರೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಒಬ್ಬ ಇನ್ನೊಬ್ಬನಿಗೆ ಮದ್ಯ ಕೊಡಿಸಕೂಡದೆಂದು ಬ್ರಿಟನ್ನಿನ ಸರ್ಕಾರ ಆಜ್ಞೆಯನ್ನೇ ಹೊರಡಿಸಬೇಕಾಯಿತು. ದೇಶಾಚಾರವೆಂಬ ಒಂದೇ ಕಾರಣದಿಂದ ಆಚಾರ ಒಳ್ಳೆಯದಾಗುವುದಿಲ್ಲ. ಗೌತಮರು ಪಟ್ಟುಬಿಡದೆ ಕುಳಿತಿದ್ದಾರೆ.

ವೈದ್ಯರೂ ಅವರ ಕಡೆಯೇ. ಮದ್ಯವನ್ನು ಕ್ಯಾನ್ಸರಿಗೆ ನಿಶ್ಚಿತ ಕಾರಣಗಳ ಪಟ್ಟಿಗೆ 1988ರಲ್ಲೇ ಸೇರಿಸಲಾಯಿತು. ಆರೋಗ್ಯದ ದೃಷ್ಟಿಯಿಂದ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಪಿತ್ತಜನಕಾಂಗಕ್ಕೆ ಪಾಸ್‌ಪೋರ್ಟು ತೋರಿಸಿ ಪ್ರಯೋಜನವಿಲ್ಲ. ಇನ್ನು, ಗಂಡನ ಕೂಲಿಯೆಲ್ಲ ಹೆಂಡದಂಗಡಿಗೆ ಹೋಗಿ, ಒಲೆ ಹಚ್ಚದೆ ಮಕ್ಕಳನ್ನು ಮಲಗಿಸಿದ ಹೆಂಗಸಿನ ಮುಂದೆ ಕೊಲೋನಿನ ಬಿಲ್ಲೆಯ ಸೊಬಗನ್ನು ವರ್ಣಿಸುವ ಧೈರ್ಯ ನನಗಿಲ್ಲ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನಗೆ ತೋರುವುದು ಇಷ್ಟು. ದೇಶಾಚಾರಕ್ಕೆ ನಡವಳಿಕೆಯ ಮೇಲೆ ಅಧಿಕಾರವುಂಟು. ಎಲ್ಲಿ ಏನು ಮರ್ಯಾದೆ, ಏನು ಅಮರ್ಯಾದೆ ಎಂದು ಅದು ಹೇಳಬಹುದು. ದೇಹದ ಮೇಲೆ ಅದಕ್ಕೆ ಅಧಿಕಾರವಿಲ್ಲ. ಆಡುವ ಮಾತಿನ ಮೇಲಂತೂ ಇಲ್ಲವೇ ಇಲ್ಲ. ಸುಳ್ಳು ಜರ್ಮನಿಯಲ್ಲಿ ಹುಟ್ಟಿ ಬೆಂಗಳೂರಿಗೆ ಬಂದರೂ ಸುಳ್ಳೇ. ಆ ಎರಡು ಲೋಟಗಳಲ್ಲಿ ತಪ್ಪಿತ್ತೇ ಎಂದು ಬೋಧಾಯನ, ಗೌತಮರು ವಾದಿಸುತ್ತಿರಲಿ; ಸೇಬಿನ ರಸದಲ್ಲಿ ತಪ್ಪಿತ್ತೆಂಬುದಕ್ಕೆ ಸಾಕ್ಷಿ ಬೇಡ.

ಈಗ ಚಿಕ್ಕಪ್ಪನ ಹಿತ್ತಲ ಬಾಗಿಲು ಬೇರೆಯಾಗಿ ಕಾಣುತ್ತದೆ. ಅವರು ಕದ್ದು, ನಿಂತು, ಯಾರಾದರೂ ನೋಡುವುದರೊಳಗೆ ಮುಗಿಸಬೇಕೆಂಬ ಆತುರದಲ್ಲಿ ಕುಡಿದಿರಬೇಕು. ನಾವು ಮನೆಯವರು ಮುಖ ತಿರುಗಿಸಿದೆವು, ಅದನ್ನೇ ಧರ್ಮವೆಂದುಕೊಂಡೆವು. ಎಲೆಯನ್ನು ಬೇರೆ ಹಾಕಿದವರು ಇದ್ದರು. ಪಕ್ಕದಲ್ಲಿ ಕುಳಿತು, “ಸಾಕು ಚಿಕ್ಕಪ್ಪ” ಎಂದು ಲೋಟದ ಮೇಲೆ ಕೈಯಿಡುವವರು ಇರಲಿಲ್ಲ. ಇಟ್ಟಿದ್ದರೆ ಅವರು ಬದುಕುತ್ತಿದ್ದರೆಂದು ಹೇಳಲಾರೆ. ಸಾಯುವವರೆಗೆ ಒಂಟಿಯಾಗಿ ಉಣ್ಣುವುದಾದರೂ ತಪ್ಪುತ್ತಿತ್ತು.

ಕಲ್ಲುಬೆಂಚಿನ ಪಿಸುಮಾತಿನ ಮಾರನೆಯ ದಿನವೇ ಹೆಂಡತಿಗೆ ನಿಜ ಹೇಳಿದೆ. ಇಷ್ಟು ವರ್ಷವಾದ ಮೇಲೆ ಏಕೆ ಎಂದು ಕೇಳಿಯಾಳೆಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, “ಕಹಿಯೇ?” ಎಂದಳು. “ಸ್ವಲ್ಪ” ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಅಳಿಯಂದಿರೂ ಕುಡಿದರೇ?” ಎಂದಳು. ನನ್ನ ಸತ್ಯವನ್ನು ಹೇಳುವ ಹಕ್ಕು ನನ್ನದು. ಇನ್ನೊಬ್ಬರ ಸತ್ಯವನ್ನು ಹೇಳುವ ಹಕ್ಕು ಯಾರದು? ಸೇಬಿನ ರಸ ಮತ್ತೆ ನಾಲಿಗೆಯ ತುದಿಗೆ ಬಂತು. “ಅವರನ್ನೇ ಕೇಳು” ಎಂದು ಎದ್ದುಬಂದೆ. ಅವಳಿಗೆ ಅಷ್ಟರಲ್ಲೇ ಉತ್ತರ ಸಿಕ್ಕಿರಬೇಕು.

ಸ್ನೇಹಿತರಿಗೆ ಮೂರು ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ: ಕೊಲೋನಿನ ಕೋಲ್ಶ್, ಲೂಯಿಸಿನ ಹಾರ್ವೀಸ್, ಡಬ್ಲಿನ್ನಿನ ಗಿನ್ನೆಸ್. ಕೆಳಗೆ ಎರಡು ಷರತ್ತು ಸೇರಿಸಿದ್ದೇನೆ. ಬಿಲ್ಲೆ ಮುಚ್ಚುವುದನ್ನು ಮೊದಲು ಕಲಿಯಿರಿ. ರಾತ್ರಿ ಮನೆಯಿಂದ ಫೋನು ಬಂದಾಗ ಹೇಳಲಾಗದಿದ್ದರೆ ಸೇಬಿನ ರಸವನ್ನೇ ಕುಡಿಯಿರಿ, ಅದೂ ಅಲ್ಲಿ ಚೆನ್ನಾಗಿರುತ್ತದೆ. ಆ ಬಿಯರುಮನೆಯಿಂದ ನಾನು ತಂದ ರಟ್ಟಿನ ಬಿಲ್ಲೆ, ಎರಡು ಪೆನ್ಸಿಲ್ ಗೆರೆಗಳೊಂದಿಗೆ, ಇಷ್ಟು ದಿನ ಪುಸ್ತಕದೊಳಗೆ ಅಡಗಿತ್ತು. ಈಗ ಮೇಜಿನ ಮೇಲೆ ಬಂದಿದೆ. ಬೆಳಗ್ಗೆ ನಾನು ಮೂರನೆಯ ಸಲ ಕಾಫಿ ಕೇಳಿದರೆ ನನ್ನ ಹೆಂಡತಿ ಏನೂ ಹೇಳದೆ ಅದನ್ನೆತ್ತಿ ನನ್ನ ಲೋಟದ ಮೇಲೆ ಮುಚ್ಚುತ್ತಾಳೆ.