ತೂಬು ಎತ್ತಿದವನಿಗೆ ಮಾತಿಲ್ಲವೇ?

ನಮ್ಮ ತಾತ ನೀರಗಂಟಿ. ಕೆರೆಯ ತೂಬು ಎತ್ತಿ, ಕಾಲುವೆ ಕಾಯ್ದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವ ಕೆಲಸ. ಕೋಲಾರದ ಕಡೆ ಎಷ್ಟೋ ಊರುಗಳಲ್ಲಿ ಇದು ಹೊಲಗೇರಿಯವರ ಪಾಲಿಗೆ ಬಂದದ್ದು. ಮಳೆ ಕೈಕೊಟ್ಟ ವರ್ಷ ಉಳಿದ ನೀರು ಎಷ್ಟು ಗದ್ದೆಗೆ ಸಾಕು ಎಂಬುದನ್ನು ತಾತ ಏರಿ ಮೇಲೆ ನಿಂತೇ ಹೇಳುತ್ತಿದ್ದ. ಊರ ಗದ್ದೆಗಳಿಗೆಲ್ಲ ನೀರುಣಿಸಿದ ಅದೇ ಕೈ ಊರ ಬಾವಿಗೆ ಬಿಂದಿಗೆ ಇಳಿಸುವಂತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕೆರೆ ರಿಪೇರಿಗೆ ಸಭೆ ಕರೆದರು. ‘ಜನರ ಪಾಲ್ಗೊಳ್ಳುವಿಕೆ’ ಎಂದು ಬ್ಯಾನರು ಕಟ್ಟಿದ್ದರು. ಸಭೆ ನಡೆದದ್ದು ದೇವಸ್ಥಾನದ ಜಗಲಿ ಮೇಲೆ. ನಮ್ಮವರು ಕೆಳಗೆ, ಬಿಸಿಲಲ್ಲಿ. ಹೊಸ ತೂಬು ಎಲ್ಲಿ ಬರುತ್ತದೆಂದು ಸಾಹೇಬರು ನಕ್ಷೆ ಬಿಡಿಸಿ ತೋರಿಸಿದರು. ತಾತ ಹೇಳಿದ: “ಸಾಮಿ, ಆ ಕಡೆ ಹೂಳು ಬಂದು ಕೂರ್ತದೆ. ತೂಬು ಕಟ್ಕೊಂತದೆ.” ಸಾಹೇಬರು ತಲೆಯೆತ್ತದೆ ಕೇಳಿದರು: “ನಿಂಗೆ ಅಚ್ಚುಕಟ್ಟಲ್ಲಿ ಜಮೀನು ಎಷ್ಟಿದೆಯಪ್ಪ?” ತಾತ ಸುಮ್ಮನಾದ.

ಆ ಪ್ರಶ್ನೆ ಆ ಸಾಹೇಬರೊಬ್ಬರದ್ದಲ್ಲ. 2000ದಲ್ಲಿ ನಮ್ಮ ರಾಜ್ಯದ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿದರು. ಒಳ್ಳೆಯದೇ. ಆದರೆ ಅಲ್ಲಿ ಬಳಕೆದಾರ ಎಂದರೆ ಅಚ್ಚುಕಟ್ಟಿನ ಜಮೀನು ಹಿಡಿದವನು. ನಾಟಿ ಹಾಕುವ ಕೂಲಿ ಹೆಂಗಸು ಬಳಕೆದಾರಳಲ್ಲ. ದನಕ್ಕೆ ನೀರು ಕುಡಿಸುವವನು, ಬಟ್ಟೆ ಒಗೆಯುವವನು, ಮೀನು ಹಿಡಿಯುವವನು ಅಲ್ಲ. ನೀರಗಂಟಿಯೂ ಅಲ್ಲ. ಹಾಗಾದರೆ ಬಾಯಾರಿಕೆಗೂ ಪಹಣಿ ಬೇಕೇನ್ರಿ?

ಜಮೀನಿದ್ದವನಿಗೆ ನಷ್ಟದ ಭಯವಿರುತ್ತದೆ, ಅವನೇ ತೀರ್ಮಾನಿಸಲಿ ಎನ್ನುವವರಿದ್ದಾರೆ. ನಾನು ಕೇಳುತ್ತೇನೆ: ಕೆರೆ ಬತ್ತಿದಾಗ ಮೊದಲು ಗುಳೆ ಹೋಗುವವನು ಯಾರು? ಜಮೀನಿದ್ದವನು ಬೋರು ಕೊರೆಸುತ್ತಾನೆ. ಇಲ್ಲದವನು ಬೆಂಗಳೂರಿನ ರೈಲು ಹತ್ತುತ್ತಾನೆ. ಯಾರ ಬದುಕು ಮೊದಲು ಮುಳುಗುತ್ತದೋ ಅವರ ಮಾತು ಮೊದಲು ಕೇಳಬೇಕು. ನ್ಯಾಯ ಅಂದರೆ ಇದೇ.

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಂತು. ಒಣಗಿದ ಕೆರೆ ತುಂಬಿದ್ದು ಕಂಡು ಜನ ಸಂತೋಷಪಟ್ಟರು. ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ಹೆದರಿದರು. ತಕರಾರು ಹೈಕೋರ್ಟು, ಸುಪ್ರೀಂ ಕೋರ್ಟು ಹತ್ತಿತು. ಆ ನೀರಿಗೆ ದಿನವೂ ಕೈ ಹಾಕುವ ಕೇರಿಯವರು ಯೋಜನೆ ಬರೆಯುವಾಗ ಎಲ್ಲಿ ಕೂತಿದ್ದರು?

ಕಾಗದದ ಮೇಲಿನ ಪಾಲು ನಮಗೆ ಹೊಸದಲ್ಲ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ಆದರೂ ಚವದಾರ ಕೆರೆಯ ನೀರು ನಮ್ಮವರ ಬೊಗಸೆಗೆ ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಕುಡಿದರು. ಸವರ್ಣೀಯರು ಆ ಕೆರೆಗೆ ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದರು. ಹಕ್ಕನ್ನು ಹೈಕೋರ್ಟು ಎತ್ತಿಹಿಡಿಯುವ ಹೊತ್ತಿಗೆ 1937 ಬಂದಿತ್ತು. ನಿರ್ಣಯ ಬೇರೆ, ನೀರು ಬೇರೆ.

ಅದಕ್ಕೇ ಹೇಳುತ್ತೇನೆ, ಗೆಳೆಯರೇ, ಕಮಿಟಿಯಲ್ಲಿ ನಮ್ಮವನೊಬ್ಬನ ಹೆಸರು ಬರೆದು ಸಹಿ ಹಾಕಿಸಿಕೊಂಡರೆ ಅದು ಪಾಲ್ಗೊಳ್ಳುವಿಕೆಯಲ್ಲ. ‘ಬೇಡ’ ಅಂದಾಗ ಯೋಜನೆ ನಿಲ್ಲಬೇಕು, ಕಡೇಪಕ್ಷ ತಿರುಗಿ ನೋಡಬೇಕು. ಆ ಬಲ ಇಲ್ಲದ ಕುರ್ಚಿ ಬರೀ ಕಟ್ಟಿಗೆ. ಇದರಲ್ಲಿ ನಮ್ಮ ತಪ್ಪೂ ಇದೆ. ಡಿಗ್ರಿ ಮಾಡಿದ ನಾನು ಅವತ್ತು ಆ ಜಗಲಿಯ ಕೆಳಗೆ ತಾತನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಯೋಜನೆಯ ಕಾಗದ ಬಂದಾಗ ಕೇರಿಯಲ್ಲಿ ಕೂತು ಓದಿ ಹೇಳಿ. ವಿದ್ಯಾರ್ಥಿಗಳೇ, ಸಭೆ ಜಗಲಿ ಬಿಟ್ಟು ಕೆರೆ ಏರಿ ಮೇಲೆ ನಡೆಯಲಿ ಎಂದು ಹಟ ಹಿಡಿಯಿರಿ.

ಹೊಸ ತೂಬು ಎರಡೇ ಮಳೆಗೆ ಕಟ್ಟಿಕೊಂಡಿತು. ಹೂಳು ತೆಗೆಯಲು ತಾತನನ್ನೇ ಕರೆದರು. ಆಗ ಯಾರೂ ಪಹಣಿ ಕೇಳಲಿಲ್ಲ.